ಬೀಗ ಹಾಕಿದ ಮನೆ: ಹಿಂಬಾಗಿಲಿನ ಸುದ್ದಿಯೂ ಬರಲಿ

ಮಾನ್ಯ ಸಂಪಾದಕರೇ,

ಕಾಪು, ಶಿರ್ವ, ಬೆಳ್ಮಣ್, ಮೂಲ್ಕಿ, ಕಿನ್ನಿಗೋಳಿ, ಸುರತ್ಕಲ್ ಕಡೆಯ ಮನೆಗಳ್ಳತನದ ಸುದ್ದಿಗಳಿಗೆ ಒಂದೇ ಅಚ್ಚು. ಮನೆಯವರು ದುಬಾಯಿಯಲ್ಲಿ, ಬೀಗ ಮುರಿದು ಒಳನುಗ್ಗಿದ ಕಳ್ಳರು ಕಪಾಟು ಜಾಲಾಡಿ ಇಷ್ಟು ಪವನ್ ಚಿನ್ನ, ಇಷ್ಟು ನಗದು ಒಯ್ದರು, ಶ್ವಾನದಳ ಬಂದು ರಸ್ತೆಯವರೆಗೆ ಹೋಗಿ ನಿಂತಿತು. ಪವನಿನ ಲೆಕ್ಕ ಗ್ರಾಂ ಸಮೇತ ಸಿಗುತ್ತದೆ. ಒಡೆದದ್ದು ಯಾವ ಬಾಗಿಲು, ಬೀಗ ಮುರಿಯಿತೋ ಬೀಗ ಸಿಕ್ಕಿಸುವ ಕೊಂಡಿ ಕಿತ್ತು ಬಂತೋ, ಹತ್ಯಾರು ಕಳ್ಳರದ್ದೋ ಮನೆಯವರದ್ದೋ, ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಹಾಗಾಗಿ ಸುದ್ದಿ ಓದಿದ ನೆರೆಮನೆಯವರು ಮರುದಿನ ಪೇಟೆಯಿಂದ ಇನ್ನೂ ದಪ್ಪದ ಬೀಗ ತರುತ್ತಾರೆ; ಮಕ್ಕಳು ಕುವೈತಿನಿಂದ ನಾಲ್ಕು ಕ್ಯಾಮೆರಾಕ್ಕೆ ದುಡ್ಡು ಕಳಿಸುತ್ತಾರೆ. ಅಡುಗೆಮನೆಯ ಹಿಂಬಾಗಿಲು ಮಾತ್ರ ಅಜ್ಜನ ಕಾಲದ ಚಿಲಕದಲ್ಲೇ ಉಳಿಯುತ್ತದೆ.

ಬಾಗಿಲು, ಗ್ರಿಲ್, ಬೀಗ, ಕ್ಯಾಮೆರಾಗಳ ಕೆಲಸ ಮಾಡುವವರ ಕಡೆಯಿಂದ ಈ ಪತ್ರ. ವರ್ಷಕ್ಕೆ ಒಂದು ತಿಂಗಳು ತೆರೆದು ಹನ್ನೊಂದು ತಿಂಗಳು ಮುಚ್ಚಿರುವ ಮನೆಗೆ ಮೊದಲು ಬೇಕಾದದ್ದು ಮರ ಮತ್ತು ಕಬ್ಬಿಣದ ಕೆಲಸ, ಎರಡನೆಯದು ಕೀಲಿ ಹಿಡಿದು ಬಂದುಹೋಗುವ ಒಬ್ಬ ಮನುಷ್ಯ. ಕ್ಯಾಮೆರಾ ಆಮೇಲೆ. ನಮ್ಮೂರಲ್ಲಿ ಈ ಕ್ರಮ ಪೂರ್ತಿ ತಲೆಕೆಳಗಾಗಿದೆ.

ಬೀಗದಿಂದಲೇ ಶುರು ಮಾಡೋಣ. ಕಳ್ಳ ಬೀಗವನ್ನು ತಂತಿ ಹಾಕಿ ತೆರೆಯುತ್ತಾ ಕೂರುವುದಿಲ್ಲ. ಹಾರೆಯ ತುದಿಯನ್ನು ಕೊಂಡಿಯ ಹಿಂದೆ ತೂರಿಸಿ ಒಮ್ಮೆ ಮೀಟುತ್ತಾನೆ. ಎಂಟು ಲಿವರಿನ (ಕೀಲಿ ಎತ್ತುವ ಒಳಗಿನ ತಗಡು) ಹಿತ್ತಾಳೆ ಬೀಗಕ್ಕೆ ಒಂದು ಗೀರೂ ಬೀಳದೆ, ಕೊಂಡಿಯೇ ಸ್ಕ್ರೂ ಸಮೇತ ಕಳಚಿ ಬರುತ್ತದೆ. ಅದನ್ನು ಹಿಡಿದಿದ್ದದ್ದು ಮುಕ್ಕಾಲು ಇಂಚಿನ ನಾಲ್ಕು ಸ್ಕ್ರೂ. ಮಳೆಗಾಲದಲ್ಲಿ ಹಿಗ್ಗಿ ಬೇಸಗೆಯಲ್ಲಿ ಕುಗ್ಗುವ ಮರ, ಉಪ್ಪುಗಾಳಿಗೆ ತುಕ್ಕು ಹಿಡಿದು ಸವೆದ ಸ್ಕ್ರೂ. ಹತ್ತು ವರ್ಷದ ಮೇಲೆ ಅಲ್ಲಿ ಹಿಡಿತ ಎಂಬುದು ಹೆಸರಿಗೆ ಮಾತ್ರ. ಆಲ್‌ಡ್ರಾಪಿಗೂ (ಬಾಗಿಲಿನ ಉದ್ದ ಅಗುಳಿ) ಕೊಂಡಿಗೂ ಸ್ಕ್ರೂ ಹಾಕಲೇಬೇಡಿ. 8 ಮಿ.ಮೀ. ದಪ್ಪದ, ಗುಂಡು ತಲೆಯ ಕ್ಯಾರೇಜ್ ಬೋಲ್ಟನ್ನು ಹೊರಗಿನಿಂದ ಬಾಗಿಲಿನ ಆಚೆಗೆ ತೂರಿಸಿ, ಒಳಗಡೆ ಅಗಲದ ವಾಷರ್ ಕೊಟ್ಟು ನಟ್ ಬಿಗಿಯಿರಿ. ನಟ್‌ನಿಂದ ಹೊರಗೆ ಚಾಚಿದ ಬೋಲ್ಟಿನ ತುದಿಗೆ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಚಪ್ಪಟೆ ಮಾಡಿದರೆ ಮುಗಿಯಿತು. ಹೊರಗಿನಿಂದ ಸ್ಪ್ಯಾನರ್ ಹಾಕಲು ಏನೂ ಸಿಗುವುದಿಲ್ಲ.

ಬೀಗಕ್ಕೆ ತೆಂಗಿನೆಣ್ಣೆ ಬಿಡುವ ಅಭ್ಯಾಸವನ್ನೂ ಬಿಡಬೇಕು. ಎಣ್ಣೆ ಬಿಟ್ಟ ದಿನ ಕೀಲಿ ಬೆಣ್ಣೆಯ ಹಾಗೆ ತಿರುಗುತ್ತದೆ. ಒಂದು ವರ್ಷದಲ್ಲಿ ಅದೇ ಎಣ್ಣೆ ಧೂಳು ಹಿಡಿದು ಅಂಟಾಗಿ, ಲಿವರುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬಜ್ಪೆಯಲ್ಲಿ ವಿಮಾನ ಇಳಿದು ಬಂದವರು ರಾತ್ರಿ ಹನ್ನೊಂದಕ್ಕೆ ತಮ್ಮ ಮನೆಯ ಬೀಗವನ್ನೇ ಒಡೆಸಬೇಕಾಗುವುದು ಇದರಿಂದ. ಗ್ರಾಫೈಟ್ ಪುಡಿ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಪೆನ್ಸಿಲಿನ ಸೀಸವನ್ನು ಗೀರಿ ನುಣ್ಣಗೆ ಮಾಡಿ ಕೀಲಿಗೆ ಸವರಿ ಹಾಕಿ.

ಕೊಂಡಿ ಗಟ್ಟಿಯಾದ ಮೇಲೆ ಸೋಲುವುದು ದಾರಂದ, ಅಂದರೆ ಬಾಗಿಲಿನ ಚೌಕಟ್ಟು. ನಮ್ಮ ಕಡೆಯ ಗೋಡೆ ಕೆಂಪುಕಲ್ಲಿನದ್ದು. ಮೆದು ಕಲ್ಲು, ರಾವಲ್ ಪ್ಲಗ್ (ಸ್ಕ್ರೂ ಹಿಡಿಯುವ ಬೆಣೆ) ಬಡಿದು ಸ್ಕ್ರೂ ಹಾಕಿದರೆ ತೂತಿನ ಸುತ್ತ ಪುಡಿಯಾಗಿ ಸಡಿಲವಾಗುತ್ತದೆ. ದಾರಂದದ ಒಂದೊಂದು ಬದಿಗೂ ಮೂರು ಹೋಲ್ಡ್‌ಫಾಸ್ಟ್ (ಗೋಡೆಯೊಳಗೆ ಹೂಳುವ ಕಬ್ಬಿಣದ ಪಟ್ಟಿ) ಇಟ್ಟು, ಕಲ್ಲು ಕೆತ್ತಿ ಕಾಂಕ್ರೀಟಿನಲ್ಲಿ ಹೂಳಬೇಕು. ಹಳೆಯ ಮನೆಯಾದರೆ ದಾರಂದದ ಬುಡಕ್ಕೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಮೇಲೆ ಬಣ್ಣ ಹೊಳೆಯುತ್ತಿದ್ದರೂ ಕೆಳಗಿನ ಅರ್ಧ ಅಡಿ ಗೆದ್ದಲು ತಿಂದು ಟೊಳ್ಳಾಗಿರುತ್ತದೆ.

ಹಿಂಬಾಗಿಲಿಗೆ ಅತ್ಯಂತ ಅಗ್ಗದ, ಅತ್ಯಂತ ಗಟ್ಟಿ ಉಪಾಯ ಅಡ್ಡಪಟ್ಟಿ. ಮನೆ ಬಿಟ್ಟು ಹೊರಡುವವರು ಮುಂಬಾಗಿಲಿನಿಂದ ಹೊರಡುತ್ತಾರೆ. ಅಂದ ಮೇಲೆ ಹಿಂಬಾಗಿಲನ್ನು ಒಳಗಿನಿಂದ ಎಷ್ಟು ಬೇಕಾದರೂ ಬಿಗಿಯಬಹುದು. 40 ಮಿ.ಮೀ. ಅಗಲ, 6 ಮಿ.ಮೀ. ದಪ್ಪದ ಕಬ್ಬಿಣದ ಪಟ್ಟಿ ಎರಡು: ಒಂದು ಮೊಣಕಾಲಿನ ಎತ್ತರಕ್ಕೆ, ಇನ್ನೊಂದು ಎದೆಯ ಎತ್ತರಕ್ಕೆ. ಪಟ್ಟಿ ಕೂರುವ ಕೊಕ್ಕೆಗಳು ಬಾಗಿಲಿನ ಮೇಲಲ್ಲ, ಎರಡೂ ಬದಿಯ ಗೋಡೆಯಲ್ಲಿ ಕಾಂಕ್ರೀಟಿನಲ್ಲಿ ಹೂತಿರಬೇಕು. ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ ಇದಕ್ಕಿಂತ ಬೇರೆ ಬೇಡ. ಹೊರಕ್ಕೆ ತೆರೆಯುವ ಬಾಗಿಲಿಗೆ ಈ ಪಟ್ಟಿ ಪ್ರಯೋಜನವಿಲ್ಲ. ಅದರ ಕೀಲುಗಳೂ ಹೊರಗೇ ಇರುವುದರಿಂದ ಆಚೆಗೆ ಒಂದು ಕಬ್ಬಿಣದ ಗ್ರಿಲ್ ಬಾಗಿಲು ಬೇಕೇ ಬೇಕು.

ಆ ಗ್ರಿಲ್ ಬಾಗಿಲಲ್ಲಿ ವೆಲ್ಡಿಂಗ್‌ನವರು ಮಾಡುವ ತಪ್ಪು ಒಂದಿದೆ. ಕೀಲಿನ ಗೂಟದ ಮೇಲೆ ಗ್ರಿಲನ್ನು ಸುಮ್ಮನೆ ಕೂರಿಸಿ ಹೋಗುತ್ತಾರೆ. ಬೀಗ ಇದ್ದ ಹಾಗೇ, ಕೆಳಗಿನಿಂದ ಹಾರೆ ಕೊಟ್ಟು ಎತ್ತಿದರೆ ಇಡೀ ಗ್ರಿಲ್ ಗೂಟದಿಂದ ಮೇಲೆ ಬಂದು ಪಕ್ಕಕ್ಕೆ ವಾಲುತ್ತದೆ. ಮೇಲಿನ ಕೀಲಿನ ನೆತ್ತಿಗೆ ಒಂದು ಇಂಚಿನ ಕಬ್ಬಿಣದ ತುಂಡನ್ನು ತಡೆಯಾಗಿ ಬೆಸೆದರೆ ಸಾಕು, ಐದು ನಿಮಿಷದ ಕೆಲಸ. ಬೆಸೆಯುವವರು ಬಂದಾಗಲೇ ಬೀಗದ ಸುತ್ತ ಒಂದು ಕಬ್ಬಿಣದ ಡಬ್ಬಿಯನ್ನೂ ಮಾಡಿಸಿ. ಕೀಲಿ ಹಾಕಲು ಕೈ ಹೋಗಬೇಕು, ಕಟ್ಟರಿನ ಬಾಯಿ ಹೋಗಬಾರದು.

ಕಿಟಕಿಯ ಗ್ರಿಲನ್ನು ಹೊರಗಿನಿಂದ ದಾರಂದಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದರೆ ಆ ಸ್ಕ್ರೂಗಳ ತಲೆಗೆ ಇಂದೇ ವೆಲ್ಡಿಂಗ್ ಚುಕ್ಕೆ ಇಡಿಸಿ. ಹಳೆಯ ಮನೆಯ ಸರಳುಗಳು ಲಂಬವಾಗಿ ಮಾತ್ರ ಇರುತ್ತವೆ. ಎರಡು ಸರಳಿನ ನಡುವೆ ಕಾರಿನ ಜ್ಯಾಕ್ ಇಟ್ಟು ತಿರುಗಿಸಿದರೆ ಸದ್ದಿಲ್ಲದೆ ಅಗಲವಾಗುತ್ತವೆ. ಅಡಿಗೊಂದರಂತೆ ಅಡ್ಡ ಪಟ್ಟಿ ಬೆಸೆದಿದ್ದರೆ ಜ್ಯಾಕಿನ ಆಟ ನಡೆಯುವುದಿಲ್ಲ.

ಇನ್ನು ಹಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಹಂಚು ರೀಪಿಗೆ (ಮಾಡಿನ ಅಡ್ಡ ಮರದ ಪಟ್ಟಿ) ಆತು ತನ್ನ ಭಾರದಿಂದಲೇ ಕೂರುತ್ತದೆ, ಮೊಳೆಯಿಲ್ಲ. ಒಂದು ಹಂಚಿನ ತೂಕ ಎರಡು ಮೂರು ಕಿಲೋ. ನಾಲ್ಕಾರು ಹಂಚು ಸರಿಸಿ ಒಂದು ರೀಪು ಕೊಯ್ದರೆ ಮನುಷ್ಯ ಇಳಿಯುವಷ್ಟು ಜಾಗ. ಅಟ್ಟವಿಲ್ಲದ ಅಡುಗೆಮನೆ, ಬಚ್ಚಲಿನ ಮಾಡು ಇದಕ್ಕೆ ತುಂಬ ಅನುಕೂಲ. ರೀಪು ಹೊರುವ ಪಕಾಸುಗಳ ಕೆಳಗೆ, ಮಲಗುವ ಕೋಣೆ ಮತ್ತು ಅಡುಗೆಮನೆಯ ಮಟ್ಟಿಗಾದರೂ, 8 ಮಿ.ಮೀ. ಸರಳನ್ನು ಆರಿಂಚಿನ ಚೌಕಗಳಾಗಿ ಬೆಸೆದು ಕೂರಿಸಬೇಕು. ಪ್ಲೈವುಡ್ ಸೀಲಿಂಗ್ ಕಾಲಿನ ಒಂದು ತುಳಿತಕ್ಕೂ ತಡೆಯುವುದಿಲ್ಲ, ಅದನ್ನು ಭದ್ರತೆ ಎಂದು ಎಣಿಸಬೇಡಿ.

ಟಾರಸಿ ಮನೆಯವರು ಕೆಳಗೆ ತೇಗದ ಬಾಗಿಲು ಹಾಕಿ, ಮೇಲೆ ಮೆಟ್ಟಿಲುಕೋಣೆಗೆ ಬಚ್ಚಲಿನ ಪಿವಿಸಿ ಬಾಗಿಲು ಹಾಕುತ್ತಾರೆ. ಅಡಿಕೆ ಒಣಗಿಸಲೆಂದು ಕಟ್ಟಿದ ಶೀಟಿನ ಮಾಡು, ಅದಕ್ಕೆ ತಾಗಿದ ಹಲಸಿನ ಕೊಂಬೆ, ಗೋಡೆಗುಂಟ ಇಳಿದ ಮಳೆನೀರಿನ ಪೈಪು ಎಲ್ಲವೂ ಅಲ್ಲಿಗೇ ದಾರಿ. ಕೊಂಬೆ ಕಡಿಸಿ. ಬಾವಿಕಟ್ಟೆಯ ಬಳಿ ಒರಗಿಸಿದ ಏಣಿ, ಹಟ್ಟಿಯಲ್ಲಿಟ್ಟ ಹಾರೆ, ಪಿಕ್ಕಾಸು, ಕತ್ತಿ ಎಲ್ಲವನ್ನೂ ಒಳಗಿಟ್ಟು ಬೀಗ ಹಾಕಿ. ಬರಿಗೈಲಿ ಬಂದವನಿಗೆ ಹತ್ಯಾರು ಒದಗಿಸುವವರು ಮನೆಯವರೇ ಆಗಬಾರದು. ಕೀಲಿಯನ್ನು ಹೂವಿನ ಚಟ್ಟಿಯ ಅಡಿ, ಮೀಟರ್ ಪೆಟ್ಟಿಗೆಯ ಮೇಲೆ, ಚಪ್ಪಲಿ ಗೂಡಿನಲ್ಲಿ ಇಡುವ ವಿಷಯ ಹೇಳುವುದೇ ಬೇಡ.

ಮನೆ ಖಾಲಿ ಎಂದು ಹೊರಗಿನವರಿಗೆ ಹೇಳುವುದು ಏನು? ಅಂಗಳದಲ್ಲಿ ಬಿದ್ದ ಮಡಲು, ಹೆಕ್ಕದ ತೆಂಗಿನಕಾಯಿ. ಗೇಟಿಗೆ ಸಿಕ್ಕಿಸಿಟ್ಟ ಮೂರು ತಿಂಗಳ ಮೆಸ್ಕಾಂ ಕರೆಂಟು ಬಿಲ್ಲು. ಬಿಲ್ಲಿನಲ್ಲಿ ಯೂನಿಟ್ ಎಷ್ಟೆಂದು ಬರೆದಿರುತ್ತದೆ, ಓದಲು ಬಂದರೆ ಸಾಕು. ಗೇಟಿಗೆ ಹೊರಗಿನಿಂದ ಹಾಕಿದ ಬೀಗ. ಎಲ್ಲಕ್ಕಿಂತ ಮಿಗಿಲಾಗಿ ಮಟಮಟ ಮಧ್ಯಾಹ್ನ ಉರಿಯುವ ಸಿಟೌಟಿನ ದೀಪ. ರಾತ್ರಿ ಬೆಳಕಿರಲಿ ಎಂದು ಹಾಕಿಟ್ಟು ಹೋದದ್ದು ಹಗಲಿಗೆ ಡಂಗುರ ಹೊಡೆಯುತ್ತದೆ. ಇದಕ್ಕೆ ಟೈಮರ್ ಹಾಕುವವರೂ ಎಡವುತ್ತಾರೆ. ಚಕ್ರ ತಿರುಗುವ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ, ಬಂದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಆಷಾಢದಲ್ಲಿ ಒಂದು ವಾರ ಆರಾರು ಗಂಟೆ ಕರೆಂಟು ಕೈಕೊಟ್ಟರೆ ಸಂಜೆ ಏಳರ ದೀಪ ಮರುದಿನ ಯಾವ ಹೊತ್ತಿಗೆ ಉರಿಯುತ್ತದೋ ದೇವರಿಗೇ ಗೊತ್ತು. ಹೊರಗಿನ ದೀಪಕ್ಕೆ ಬೆಳಕು ನೋಡಿ ತಾನೇ ಆರುವ ಸೆನ್ಸರ್ ಸ್ವಿಚ್, ಒಳಗಿನ ದೀಪಕ್ಕೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಕೊಳ್ಳಿ. ಒಳಗೆ ಎರಡು ಕೋಣೆಗೆ ಬೇರೆಬೇರೆ ಹೊತ್ತು ಇಡಿ. ಒಂದು ಒಂಬತ್ತಕ್ಕೆ ಆರಲಿ, ಇನ್ನೊಂದು ಹತ್ತೂವರೆಗೆ.

ಜನ ಇರುವ ಮನೆಗೂ ಖಾಲಿ ರಾತ್ರಿಗಳಿವೆ. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿನ, ಕೃಷ್ಣಮಠದ ಪರ್ಯಾಯದ ಮೆರವಣಿಗೆಗೆ ಉಡುಪಿಯೇ ರಥಬೀದಿಯಲ್ಲಿರುತ್ತದೆ, ಸೆಪ್ಟೆಂಬರ್ 8ರ ಬೆಳಗ್ಗೆ ಮೊಂತಿ ಫೆಸ್ಟಿಗೆ (ಕ್ರೈಸ್ತರ ತೆನೆ ಹಬ್ಬ) ಇಡೀ ಕುಟುಂಬ ಇಗರ್ಜಿಯಲ್ಲಿ, ಊರ ದೈವದ ನೇಮದ ರಾತ್ರಿ ಎಲ್ಲರೂ ಗುಡಿಯ ಅಂಗಳದಲ್ಲಿ. ಮದುವೆಯ ಕಾಗದದಲ್ಲಿ ಮನೆಯ ಹೆಸರು, ದಿನ, ಮುಹೂರ್ತ ಎಲ್ಲ ಅಚ್ಚಾಗಿರುತ್ತದೆ. ಮದುವೆಯ ದಿನ ಮನೆ ಕಾಯಲು ಒಬ್ಬರನ್ನು ಬಿಟ್ಟು ಹೋಗುವ ಹಿಂದಿನವರ ಪದ್ಧತಿ ಸುಮ್ಮನೆ ಬಂದದ್ದಲ್ಲ.

ಈಗ ಕ್ಯಾಮೆರಾ. ಬೇಡ ಎನ್ನುತ್ತಿಲ್ಲ. ಆದರೆ ಕರಾವಳಿಯಲ್ಲಿ ಕ್ಯಾಮೆರಾ ಎಂಬುದು ಹಟ್ಟಿಯ ದನದ ಹಾಗೆ, ನೋಡಿಕೊಳ್ಳುವವರಿಲ್ಲದಿದ್ದರೆ ಬಡವಾಗುತ್ತದೆ. ಹಾಕಿಸಿದ ಮೂರನೆಯ ವಾರಕ್ಕೆ ಜೇಡ ಬರುತ್ತದೆ. ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ಬೆಳಕಿಗೆ ಹುಳ, ಹುಳಕ್ಕೆ ಜೇಡ. ಕಣ್ಣಿನ ಎದುರೇ ನೇಯ್ದ ಬಲೆಯ ಎಳೆ ಆ ಬೆಳಕಿಗೆ ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ ಹೊಳೆದು, ಗಾಳಿಗೆ ಅಲುಗಿದಾಗೆಲ್ಲ ಅಬುಧಾಬಿಯ ಫೋನಿಗೆ ‘ಚಲನೆ ಕಂಡಿದೆ’ ಎಂದು ಸಂದೇಶ ಹೋಗುತ್ತದೆ. ರಾತ್ರಿಗೆ ನಲವತ್ತು ಬಾರಿ. ನಾಲ್ಕನೆಯ ದಿನ ಮನೆಯ ಯಜಮಾನರು ಸಂದೇಶವನ್ನೇ ಬಂದ್ ಮಾಡುತ್ತಾರೆ, ಕಳ್ಳ ಬರುವುದು ಅದಾದ ಮೇಲೆ. ಕ್ಯಾಮೆರಾದ ಒಳಗಿನ ಬೆಳಕನ್ನು ಆರಿಸಿ, ನಾಲ್ಕೈದು ಅಡಿ ದೂರದಲ್ಲಿ ಪ್ರತ್ಯೇಕ ದೀಪ ಹಾಕಿದರೆ ಹುಳಗಳು ಅಲ್ಲಿಗೆ ಹೋಗುತ್ತವೆ. ತಿಂಗಳಿಗೊಮ್ಮೆ ಬಲೆ ತೆಗೆಯಬೇಕು. ಎತ್ತರ ಎಂಟೊಂಬತ್ತು ಅಡಿ ಸಾಕು. ಹದಿನೈದು ಅಡಿಯಲ್ಲಿಟ್ಟರೆ ಕಾಣುವುದು ತಲೆಯ ಟೊಪ್ಪಿ ಮಾತ್ರ.

ರೆಕಾರ್ಡಿಂಗ್ ಎಷ್ಟು ದಿನ ಉಳಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಎರಡು ಮೆಗಾಪಿಕ್ಸೆಲಿನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಕ್ಕೆ 86. ಅಂಗಡಿಯವರು ಕೊಡುವ 1 ಟಿಬಿ ಡಿಸ್ಕ್ ಹನ್ನೊಂದು ದಿನಕ್ಕೆ ತುಂಬಿ, ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ಮನೆಗೆ ಹದಿನೈದು ದಿನಕ್ಕೊಮ್ಮೆ ಮಾತ್ರ ಯಾರಾದರೂ ಹೋಗುವುದಾದರೆ, ಕಳ್ಳತನ ಗೊತ್ತಾಗುವ ಹೊತ್ತಿಗೆ ಕಳ್ಳನ ಚಿತ್ರ ಅಳಿದಿರುತ್ತದೆ. 2 ಟಿಬಿ ಹಾಕಿಸಿ. ಚಿತ್ರ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ಟಿವಿಯ ಪಕ್ಕ ಇಡಬೇಡಿ, ಅದನ್ನೂ ಹೊತ್ತೊಯ್ಯುತ್ತಾರೆ. ಅಟ್ಟದಲ್ಲೋ ಉಗ್ರಾಣದಲ್ಲೋ ಗಾಳಿಯಾಡುವ ಕಬ್ಬಿಣದ ಡಬ್ಬಿಯೊಳಗೆ ಗೋಡೆಗೆ ಬೋಲ್ಟ್ ಮಾಡಿ. ಅದರ ಗಡಿಯಾರವನ್ನೂ ನೋಡಿ: ಫೋನಿನ ಮೂಲಕ ಕೊಲ್ಲಿಯಿಂದಲೇ ಸೆಟ್ ಮಾಡಿದ ಪೆಟ್ಟಿಗೆ ದುಬಾಯಿಯ ಹೊತ್ತು ತೋರಿಸುತ್ತಿದ್ದರೆ ಇಲ್ಲಿಯ ಎರಡೂವರೆಯ ಕಳ್ಳತನ ಒಂದು ಗಂಟೆಗೆ ದಾಖಲಾಗುತ್ತದೆ. ಕುವೈತಿನದ್ದಾದರೆ ಎರಡೂವರೆ ತಾಸು ವ್ಯತ್ಯಾಸ. ನ್ಯಾಯಾಲಯದಲ್ಲಿ ಎದುರು ವಕೀಲರಿಗೆ ಅಷ್ಟು ಸಾಕು.

ಮೀಟರ್ ಬೋರ್ಡ್ ಹೊರಗೋಡೆಯಲ್ಲೇ ಇರುವುದರಿಂದ ಮೇನ್ ಸ್ವಿಚ್ ಕೆಳಗೆಳೆದರೆ ಎಲ್ಲ ಕುರುಡು. ಮನೆಯ ಇನ್ವರ್ಟರನ್ನು ನಂಬಬೇಡಿ. ಆರು ತಿಂಗಳು ಡಿಸ್ಟಿಲ್ಡ್ ವಾಟರ್ ಹಾಕದ ಬ್ಯಾಟರಿ ಒಣಗಿರುತ್ತದೆ. ಕ್ಯಾಮೆರಾಗಳಿಗೂ ರೂಟರಿಗೂ ಡಿವಿಆರಿಗೂ 12 ವೋಲ್ಟಿನ ಸಣ್ಣ ಯುಪಿಎಸ್ ಬೇರೆಯೇ ಬೇಕು. ಏಪ್ರಿಲ್, ಮೇ ಮತ್ತು ಅಕ್ಟೋಬರಿನ ಸಿಡಿಲಿಗೆ ಗೇಟಿನ ಕ್ಯಾಮೆರಾದ ಉದ್ದ ಕೇಬಲ್ಲೇ ದಾರಿ. ಸರ್ಜ್ ಪ್ರೊಟೆಕ್ಟರ್ ಹಾಕಿ, ಅರ್ತಿಂಗ್ ಗುಂಡಿಗೆ ಬೇಸಗೆಯಲ್ಲಿ ನೀರು ಹುಯ್ಯಿಸಿ. ಒಣಗಿದ ಕೆಂಪುಕಲ್ಲಿನ ನೆಲದಲ್ಲಿ ಅರ್ತಿಂಗ್ ಹೆಸರಿಗಷ್ಟೇ. ಅಲಾರಂ ಹಾಕುವುದಾದರೆ ಬಾಗಿಲಿಗೆ ಅಯಸ್ಕಾಂತದ ಸೆನ್ಸರ್ ಒಳ್ಳೆಯದು. ಕೋಣೆಯ ಚಲನೆ ಹಿಡಿಯುವ ಸೆನ್ಸರಿನ ಮೇಲೆ ಹಲ್ಲಿ ಓಡಿದರೂ ಅದು ಕೂಗುತ್ತದೆ. ಇಲ್ಲಿ ರಾತ್ರಿಯಾದರೆ ಕೊಲ್ಲಿಯಲ್ಲೂ ರಾತ್ರಿಯೇ, ಆ್ಯಪಿನ ಟಿಣ್ ಸದ್ದಿಗೆ ಯಾರೂ ಏಳುವುದಿಲ್ಲ. ಫೋನ್ ರಿಂಗ್ ಆಗುವಂಥದ್ದೇ ಬೇಕು, ಮೊದಲ ಕರೆ ಊರಿನ ಕೀಲಿ ಹಿಡಿದವರಿಗೆ ಹೋಗಬೇಕು.

ಕೊನೆಗೂ ವಿಷಯ ಬಂದು ನಿಲ್ಲುವುದು ಆ ಕೀಲಿ ಹಿಡಿದವರ ಹತ್ತಿರ. ಹತ್ತು ನಿಮಿಷದಲ್ಲಿ ಮನೆ ಮುಟ್ಟುವವರಾಗಿರಬೇಕು. ವಾರಕ್ಕೆ ಎರಡು ಸಲ, ಬೇರೆಬೇರೆ ಹೊತ್ತಿಗೆ ಬಂದು ಕಿಟಕಿ ತೆರೆದು, ಅಂಗಳ ಗುಡಿಸಿ, ಹಿಂಬಾಗಿಲಿನ ಒಂದು ಫೋಟೊ ಕಳಿಸಬೇಕು. ಸಂಬಂಧಿಕರೆಂದು ಪುಕ್ಕಟೆ ಮಾಡಿಸಿಕೊಂಡರೆ ಎರಡನೆಯ ತಿಂಗಳಿಗೆ ನಿಲ್ಲುತ್ತದೆ. ತಿಂಗಳ ಸಂಬಳ ಕೊಡಿ. ಇಪ್ಪತ್ತು ಮನೆಯವರು ಸೇರಿ ರಾತ್ರಿ ಕಾವಲಿಗೆ ಏಜೆನ್ಸಿಯಿಂದ ಜನ ತರುವುದಾದರೆ, 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪರವಾನಗಿ ಇದೆಯೇ ಎಂದು ಮೊದಲು ಕೇಳಿ.

ಠಾಣೆಗೆ ಬಾಯಿಮಾತಿನಲ್ಲಿ ಹೇಳಿ ಹೋದರೆ ಸಾಲದು. ಮನೆ ನಂಬ್ರ, ಹೋಗುವ ಬರುವ ತಾರೀಕು, ಕೀಲಿ ಇರುವವರ ಫೋನ್, ತೆಂಗಿನಕಾಯಿ ಕೀಳುವವರ ಮತ್ತು ಗುಡಿಸುವವರ ಹೆಸರು ಬರೆದು ಕೊಟ್ಟು, ಪ್ರತಿಯಲ್ಲಿ ಸೀಲು ಹಾಕಿಸಿಕೊಳ್ಳಿ. ಗಸ್ತಿನ ಬೀಟ್ ಪೊಲೀಸರ ನಂಬರೂ ಪಡೆಯಿರಿ. ಮನೆಯಲ್ಲಿ ಕೋವಿ ಇದ್ದರೆ ಠಾಣೆಯಲ್ಲೋ ಪರವಾನಗಿ ಇರುವ ಕೋವಿ ಅಂಗಡಿಯಲ್ಲೋ ಜಮಾ ಮಾಡದೆ ಹೊರಡಬೇಡಿ.

2024ರ ಜುಲೈನಲ್ಲಿ ಮಂಗಳೂರಿನ ಕೊಟ್ಟಾರ ಭಾಗದಲ್ಲಿ ವೃದ್ಧ ದಂಪತಿಯ ಮನೆಗೆ ನುಗ್ಗಿದವರು ಅದೇ ದಿನ ಸಕಲೇಶಪುರದಲ್ಲಿ ಸಿಕ್ಕಿಬಿದ್ದರು. ಮನೆಯಲ್ಲಿ ಜನ ಇದ್ದುದರಿಂದ ವಿಷಯ ತಕ್ಷಣ ಗೊತ್ತಾಗಿತ್ತು. ಬೀಗ ಹಾಕಿದ ಮನೆಯಲ್ಲಿ ಆ ಹೊತ್ತೇ ಕಳೆದುಹೋಗುತ್ತದೆ. ಒಡೆದದ್ದು ಕಂಡ ಕೂಡಲೇ 112ಕ್ಕೆ ಕರೆ ಮಾಡಿ ಹೊರಗೇ ನಿಲ್ಲಬೇಕು. ನಮ್ಮಲ್ಲಿ ಆಗುವುದು ಬೇರೆ: ಅತ್ತಿಗೆ, ಮಾವ, ಪಕ್ಕದ ಮನೆಯ ಮಕ್ಕಳು ಎಲ್ಲ ಒಳಹೋಗಿ ಕಪಾಟಿನ ಬಾಗಿಲು ಮುಟ್ಟಿ ಫೋಟೊ ಹೊಡೆದು ಮುಗಿದ ಮೇಲೆ ಬೆರಳಚ್ಚಿನವರು ಬರುತ್ತಾರೆ.

ದೂರನ್ನು ಮನೆ ಮಾಲೀಕರೇ ಕೊಡಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ವಿದ್ಯುನ್ಮಾನ ಮಾರ್ಗದಲ್ಲೂ ಮಾಹಿತಿ ಕೊಡಬಹುದು. ಆದರೆ ಮೂರು ದಿನದೊಳಗೆ ಕೊಟ್ಟವರ ಸಹಿ ಬೇಕು. ದೋಹಾದಲ್ಲಿ ಕೂತವರಿಗೆ ಅದು ಕಷ್ಟ. ಕೀಲಿ ಇರುವವರೇ ಠಾಣೆಗೆ ಹೋಗಿ ಬರೆದುಕೊಡುವುದು ಉತ್ತಮ. ಪ್ರಥಮ ವರ್ತಮಾನ ವರದಿಯ ಪ್ರತಿ ಉಚಿತ. ಕಳವಾದ ವಸ್ತುಗಳ ಪಟ್ಟಿ ಮೊದಲ ದಿನವೇ ಪೂರ್ತಿ ಇರಲಿ, ವಾರ ಬಿಟ್ಟು ಸೇರಿಸಿದ ಬಳೆಯನ್ನು ಎಲ್ಲರೂ ಸಂಶಯದಿಂದ ನೋಡುತ್ತಾರೆ. ಡಿವಿಆರನ್ನು ನೀವೇ ಬಿಚ್ಚಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯ (ದಾಖಲೆ ತಿದ್ದಿಲ್ಲವೆಂದು ತೋರಿಸುವ ಗುರುತು) ತುಂಬಬೇಕಾಗುತ್ತದೆ, ಅದು ತಜ್ಞರ ಕೆಲಸ.

ಚಿನ್ನ ಸಿಕ್ಕಿದರೂ ಅದು ನಿಮ್ಮದೆಂದು ತೋರಿಸಬೇಕು. 2023ರ ಏಪ್ರಿಲ್ 1ರಿಂದ ಇಲ್ಲಿ ಮಾರುವ ಹಾಲ್‌ಮಾರ್ಕ್ ಆಭರಣದಲ್ಲಿ ಆ ಒಡವೆಗೇ ಮೀಸಲಾದ ಗುರುತು, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ದುಬಾಯಿಯ ಚಿನ್ನದಲ್ಲಿ ಇರುವುದಿಲ್ಲ. ಹಾಗಾಗಿ ಒಂದೊಂದನ್ನೂ ತಕ್ಕಡಿಯ ಮೇಲಿಟ್ಟು, ತೂಕದ ಅಂಕಿ ಕಾಣುವಂತೆ ಫೋಟೊ ತೆಗೆದು, ಬಿಲ್ಲಿನ ಜೊತೆ ಇ-ಮೇಲಿನಲ್ಲಿ ಇಟ್ಟುಕೊಳ್ಳಿ. ವಶವಾದ ಒಡವೆ ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ನೀವು ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಕಳಿಸಿ. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಚಿನ್ನ ಮನೆಯಲ್ಲಿ ಇರಲೇಬಾರದು ಎಂಬುದು ಬೇರೆ ಮಾತು. ಬ್ಯಾಂಕ್ ಲಾಕರಿಗೂ ಮಿತಿ ಇದೆ: 2022ರ ಜನವರಿ 1ರಿಂದ ಬಂದ ರಿಸರ್ವ್ ಬ್ಯಾಂಕ್ ನಿಯಮದಲ್ಲಿ ಕಳ್ಳತನ, ಬೆಂಕಿ, ಸಿಬ್ಬಂದಿಯ ವಂಚನೆಗೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟಿಗೆ ನಿಲ್ಲುತ್ತದೆ. ಏಳು ವರ್ಷ ತೆರೆಯದೆ, ನೀವೂ ಪತ್ತೆಯಿಲ್ಲದಿದ್ದರೆ ಬಾಡಿಗೆ ಕಟ್ಟುತ್ತಿದ್ದರೂ ಒಡೆದು ತೆರೆಯಬಹುದು. ಊರಿಗೆ ಬಂದಾಗೆಲ್ಲ ಒಮ್ಮೆ ತೆರೆದು ಸಹಿ ಹಾಕಿ. ಮನೆಯ ಕಪಾಟಿನಲ್ಲಿ ಏನೂ ಇಲ್ಲದಿದ್ದರೆ ಕೀಲಿಯನ್ನು ಅದರಲ್ಲೇ ಬಿಡುವುದು ಮೇಲು, ಕಪಾಟಾದರೂ ಉಳಿಯುತ್ತದೆ. ವಿಮೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಇದೆ. ಭಾರತ್ ಗೃಹ ರಕ್ಷಾ ಪಾಲಿಸಿ ಬೆಂಕಿ, ನೆರೆಯಂಥವುಗಳಿಗೆ. ಕನ್ನಗಳ್ಳತನಕ್ಕೆ ಬೇರೆ ರಕ್ಷಣೆ ಸೇರಿಸಬೇಕು. ಹಲವು ಪಾಲಿಸಿಗಳಲ್ಲಿ ಮನೆ ಸತತ 30 ದಿನಕ್ಕಿಂತ ಹೆಚ್ಚು ಖಾಲಿ ಇದ್ದರೆ ಕಂಪನಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕೆಂಬ ಷರತ್ತಿದೆ. ಕೊಲ್ಲಿಯವರ ಮನೆಗೆ ಬೇಕಾದ್ದೇ ಆ ಒಂದು ಸಾಲು, ಅದನ್ನೇ ಯಾರೂ ಓದಿರುವುದಿಲ್ಲ.

ಎರಡು ಕೋರಿಕೆ. ಬೀಗ ಹಾಕಿದ ಮನೆಯ ಮಾಹಿತಿ ಕೊಡುವ ಒಂದೇ ಪುಟದ ಕನ್ನಡ ನಮೂನೆಯನ್ನು ಮಂಗಳೂರು ನಗರ ಕಮಿಷನರೇಟ್ ಹಾಗೂ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಯ ಪೊಲೀಸರು ಎಲ್ಲ ಠಾಣೆ, ಗ್ರಾಮ ಪಂಚಾಯತ್‌ಗಳಲ್ಲಿ ಇಡಲಿ. ಇನ್ನು ನಿಮ್ಮ ವರದಿಗಾರರು ಮುಂದಿನ ಸಲ ಸ್ಥಳಕ್ಕೆ ಹೋದಾಗ ಪವನಿನ ಜೊತೆ ಇಷ್ಟನ್ನೂ ಕೇಳಿ ಬರೆಯಲಿ: ಒಡೆದದ್ದು ಮುಂದಿನದೋ ಹಿಂದಿನದೋ ಮೇಲಿನದೋ, ಬೀಗ ಸೋತಿತೋ ಕೊಂಡಿಯೋ ದಾರಂದವೋ, ಹಾರೆ ಯಾರ ಹಟ್ಟಿಯದ್ದು, ಆ ಮನೆಗೆ ಅದಕ್ಕೆ ಮೊದಲು ಯಾರಾದರೂ ಕೊನೆಯದಾಗಿ ಬಂದುಹೋದದ್ದು ಯಾವ ದಿನ. ಮನೆಯ ಹೆಸರು, ಅದು ಯಾವ ಅಡ್ಡರಸ್ತೆಯಲ್ಲಿದೆ, ಯಜಮಾನರು ಮತ್ತೆ ಯಾವಾಗ ಬರುತ್ತಾರೆ ಎಂಬುದನ್ನು ಬಿಟ್ಟರೆ ಜಾಗವೂ ಉಳಿಯುತ್ತದೆ.

ಇತಿ,
ಬಾಗಿಲು, ಗ್ರಿಲ್, ಕ್ಯಾಮೆರಾ ಕೆಲಸದ ಕೆಲವರು
ಉಡುಪಿ ಜಿಲ್ಲೆ